ದೊಡ್ಡ ವಿಮಾನ ನಿಲ್ದಾಣದಿಂದ ಊರೊಳಗೆ: ರೈಲು, ಬಸ್ಸು, ಟ್ಯಾಕ್ಸಿಗಳ ಖರ್ಚನ್ನು ಹೋಲಿಸುವ ಸರಿಯಾದ ಕ್ರಮ ಯಾವುದು?

ಪಯಣಪ್ರಿಯ:
ಎಲ್ಲರಿಗೂ ನಮಸ್ಕಾರ. ವಿಮಾನದ ಟಿಕೆಟ್ ಕೊಳ್ಳುವಾಗ ಹತ್ತು ಕಡೆ ದರ ವಿಚಾರಿಸುವ ನಾವು, ಇಳಿದ ಮೇಲೆ ಊರೊಳಗೆ ಹೋಗುವ ಖರ್ಚನ್ನು ಮಾತ್ರ ನಿಲ್ದಾಣದ ಹೊರಬಾಗಿಲಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿಯೇ ತೀರ್ಮಾನಿಸುತ್ತೇವೆ. ಈ ಸಲ ಅದನ್ನು ಹೊರಡುವ ಮೊದಲೇ ಲೆಕ್ಕ ಹಾಕಬೇಕೆಂದು ಕುಳಿತಿದ್ದೇನೆ. ನಾವು ನಾಲ್ವರು ಹೊರಟಿದ್ದೇವೆ, ಅವರಲ್ಲಿ ಇಬ್ಬರು ಹಿರಿಯರು; ರೋಮ್, ಪ್ಯಾರಿಸ್, ಲಂಡನ್ ಮೂರೂ ಕಡೆ ಇಳಿಯುವುದಿದೆ.

ತೊಡಕು ರೋಮಿನಲ್ಲಿಯೇ ಶುರುವಾಯಿತು. ಫಿಯುಮಿಚಿನೊ ವಿಮಾನ ನಿಲ್ದಾಣದಿಂದ ನಗರದ ಮುಖ್ಯ ರೈಲು ನಿಲ್ದಾಣವಾದ ಟರ್ಮಿನಿಗೆ ಹೋಗುವ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲಿಗೆ ತಲೆಗೆ 14 ಯೂರೊ. ನಗರದ ಪ್ರಾಚೀನ ಕೋಟೆಗೋಡೆಯ ಒಳಗಿನ ಯಾವ ವಿಳಾಸಕ್ಕಾದರೂ ಅಧಿಕೃತ ಟ್ಯಾಕ್ಸಿಗೆ 2024ರಲ್ಲಿ ನಿಗದಿಯಾದ ಬಾಡಿಗೆ ಗಾಡಿಯೊಂದಕ್ಕೆ 55 ಯೂರೊ. ಒಬ್ಬರಿಗೆ ರೈಲು ಬಹಳ ಅಗ್ಗ. ನಾಲ್ವರಿಗೆ 56 ಆಗಿ ಟ್ಯಾಕ್ಸಿಯನ್ನೇ ಮೀರಿಸುತ್ತದೆ. ಆದರೂ ಕೇಳಿದವರೆಲ್ಲ 'ರೈಲು ಅಗ್ಗ' ಎಂದೇ ಹೇಳುತ್ತಾರೆ. ಹಾಗಾದರೆ ಯಾವ ಅಳತೆಯಿಂದ ಹೋಲಿಸಬೇಕು? ಅನುಭವಿಗಳು ದಯವಿಟ್ಟು ತಿಳಿಸಿ.

ಕೂಡುಕಳೆ:
ಪಯಣಪ್ರಿಯ ಅವರೇ, ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ರೈಲು ಮತ್ತು ಬಸ್ಸಿಗೆ ತಲೆಲೆಕ್ಕ, ಟ್ಯಾಕ್ಸಿಗೆ ಗಾಡಿಲೆಕ್ಕ. ಎರಡನ್ನೂ ನಿಮ್ಮ ತಂಡದ ಲೆಕ್ಕಕ್ಕೆ ತರದೆ ಪಕ್ಕಪಕ್ಕದಲ್ಲಿ ಬರೆದರೆ ಅದು ಹೋಲಿಕೆಯೇ ಆಗುವುದಿಲ್ಲ. ಇನ್ನರ್ಧವೆಂದರೆ, ರೈಲಿನ ದರ ಟರ್ಮಿನಿಯ ಪ್ಲಾಟ್‌ಫಾರ್ಮಿನಲ್ಲಿ ಮುಗಿಯುತ್ತದೆ, ಟ್ಯಾಕ್ಸಿಯ ದರ ವಸತಿಗೃಹದ ಬಾಗಿಲಲ್ಲಿ ಮುಗಿಯುತ್ತದೆ. ಟರ್ಮಿನಿಯಿಂದ ಮುಂದಕ್ಕೆ ಮೆಟ್ರೊ ಅಥವಾ ಇನ್ನೊಂದು ಟ್ಯಾಕ್ಸಿ ಹಿಡಿಯಬೇಕಾದರೆ ಆ ಹಣವೂ ರೈಲಿನ ಸಾಲಿಗೇ ಸೇರಬೇಕು. ಇಡೀ ತಂಡಕ್ಕೆ, ಕೊನೆಯ ಬಾಗಿಲಿನವರೆಗೆ, ನೀವು ಇಳಿಯುವ ಗಂಟೆಯ ದರದಲ್ಲಿ ಎಷ್ಟಾಗುತ್ತದೆ ಎಂಬ ಒಂದೇ ಅಂಕಿಯನ್ನು ಪ್ರತಿ ದಾರಿಗೂ ಬರೆದುಕೊಳ್ಳಿ.

ಹಳಿಬದಿ:
ರೋಮಿನ ಲೆಕ್ಕದಲ್ಲಿ ಎರಡು ಸಂಗತಿಗಳು ಬಿಟ್ಟುಹೋಗಿವೆ. ಲಿಯೊನಾರ್ಡೊ ಎಕ್ಸ್‌ಪ್ರೆಸ್‌ಗೆ ನಾಲ್ವರ ಗುಂಪಿಗೆಂದೇ 40 ಯೂರೊಗಳ ಟಿಕೆಟ್ ಇದೆ. ಆದ್ದರಿಂದ ನಿಮ್ಮ ವಿಷಯದಲ್ಲಿ 56 ಎಂಬ ಅಂಕಿ ಅನ್ವಯಿಸುವುದಿಲ್ಲ. ಎರಡನೆಯದಾಗಿ, ಅದೇ ನಿಲ್ದಾಣದಿಂದ ಎಫ್‌ಎಲ್-1 ಎಂಬ ಸಾಮಾನ್ಯ ರೈಲು ತಲೆಗೆ 8 ಯೂರೊಗೆ ಹೊರಡುತ್ತದೆ. ಅದು ಟರ್ಮಿನಿಗೆ ಹೋಗುವುದಿಲ್ಲ. ಟ್ರಾಸ್ತೆವೆರೆ, ಓಸ್ತಿಯೆನ್ಸೆ, ತಿಬುರ್ತಿನಾ ನಿಲ್ದಾಣಗಳಿಗೆ ಹೋಗುತ್ತದೆ. ನಿಮ್ಮ ವಸತಿ ಟ್ರಾಸ್ತೆವೆರೆಯ ಕಡೆಗಿದ್ದರೆ ಎಕ್ಸ್‌ಪ್ರೆಸ್ ಹಿಡಿದು ಟರ್ಮಿನಿಗೆ ಹೋಗಿ ಹಿಂದಕ್ಕೆ ಬರುವುದರಲ್ಲಿ ಹಣವೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಪಯಣಪ್ರಿಯ:
ಹಳಿಬದಿ ಅವರೇ, ಗುಂಪು ಟಿಕೆಟ್ಟಿನ ಮಾಹಿತಿ ಬಹಳ ಉಪಕಾರವಾಯಿತು. ಪ್ಯಾರಿಸ್‌ಗೂ ಹೀಗೆ ಏನಾದರೂ ಇದೆಯೇ?

ದಕ್ಷಿಣದಿಕ್ಕು:
ಪ್ಯಾರಿಸ್‌ನ ಷಾರ್ಲ್ ದ ಗಾಲ್ ನಿಲ್ದಾಣದ ಲೆಕ್ಕ ರೋಮಿಗಿಂತ ಸರಳ. 2025ರಲ್ಲಿ ವಿಮಾನ ನಿಲ್ದಾಣದ ರೈಲು ಟಿಕೆಟ್ ತಲೆಗೆ 13 ಯೂರೊ ಇತ್ತು. ಆರ್‌ಇಆರ್-ಬಿ ಎಂಬ ಹೊರವಲಯದ ರೈಲಿನಿಂದ ಇಳಿದು ಮೆಟ್ರೊಗೆ ಬದಲಾಯಿಸುವುದೂ ಅದರಲ್ಲಿಯೇ ಸೇರಿದೆ. ಟ್ಯಾಕ್ಸಿಗೆ 2016ರಿಂದ ನಿಗದಿತ ಬಾಡಿಗೆಯ ಪದ್ಧತಿ ಬಂದಿದೆ: 2025ರಲ್ಲಿ ಸೇನ್ ನದಿಯ ಬಲದಂಡೆಗೆ 56, ಎಡದಂಡೆಗೆ 65 ಯೂರೊ ಇತ್ತು. ಲಗೇಜಿಗೆ ಪ್ರತ್ಯೇಕ ಹಣವಿಲ್ಲ, ಐದನೆಯ ಪ್ರಯಾಣಿಕರಿದ್ದರೆ ಮಾತ್ರ ಹೆಚ್ಚುವರಿ ಕೊಡಬೇಕು. ಆ ದರಗಳಲ್ಲಿ ನಾಲ್ವರಿಗೆ ರೈಲು 52, ಬಲದಂಡೆಯ ಟ್ಯಾಕ್ಸಿ 56. ನಾಲ್ಕು ಯೂರೊ ಉಳಿಸುವುದಕ್ಕಾಗಿ ಇಬ್ಬರು ಹಿರಿಯರನ್ನು ಪೆಟ್ಟಿಗೆಗಳ ಸಮೇತ ಮೆಟ್ರೊ ಮೆಟ್ಟಿಲುಗಳಲ್ಲಿ ಹತ್ತಿಸಿ ಇಳಿಸುವುದು ನನ್ನ ದೃಷ್ಟಿಯಲ್ಲಿ ಉಳಿತಾಯವಲ್ಲ. ಒಬ್ಬರೇ ಹೋಗುವವರಿಗೆ ಮಾತ್ರ ರೈಲಿನ ಬಗ್ಗೆ ಎರಡು ಮಾತಿಲ್ಲ.

ಒಂದು ಎಚ್ಚರಿಕೆ: ನಿಗದಿತ ಬಾಡಿಗೆ ಅಧಿಕೃತ ಟ್ಯಾಕ್ಸಿ ಸರದಿಯಲ್ಲಿ ಹತ್ತಿದವರಿಗೆ ಮಾತ್ರ ಸಿಗುತ್ತದೆ. ಲಗೇಜ್ ಪಡೆದು ಹೊರಬರುತ್ತಲೇ 'ಟ್ಯಾಕ್ಸಿ ಬೇಕೆ' ಎಂದು ಕೇಳಿಕೊಂಡು ಪಕ್ಕದಲ್ಲಿ ನಡೆದು ಬರುವವರಿಗೆ ಆ ನಿಯಮದ ಹಂಗಿಲ್ಲ.

ಮೌನಗಿರಿ:
ಪಕ್ಕದಲ್ಲಿ ನಡೆದು ಬರುವವರ ಮಾತು ಅಕ್ಷರಶಃ ನಿಜ. ಇದು ಯಾವ ದೇಶದ ದೊಡ್ಡ ನಿಲ್ದಾಣದಲ್ಲಿಯೂ ತಪ್ಪಿದ್ದಲ್ಲ.

ನಿಧಾನಿ:
ಒಂದೇ ಹಳಿಯ ಮೇಲೆ, ಒಂದೇ ನಿಲ್ದಾಣಕ್ಕೆ, ಎರಡು ದರಗಳ ರೈಲು ಓಡುವ ಊರುಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ವಿಯೆನ್ನಾದಲ್ಲಿ ಸಿಟಿ ಏರ್‌ಪೋರ್ಟ್ ಟ್ರೇನ್ 16 ನಿಮಿಷದಲ್ಲಿ ನಗರದ ನಡುವಿನ ವೀನ್ ಮಿಟ್ಟೆ ನಿಲ್ದಾಣ ತಲುಪುತ್ತದೆ. ಎಸ್-7 ಎಂಬ ಸಾಮಾನ್ಯ ರೈಲು ಅದೇ ವೀನ್ ಮಿಟ್ಟೆಗೆ ಸುಮಾರು 25 ನಿಮಿಷ ತೆಗೆದುಕೊಳ್ಳುತ್ತದೆ. ಮೊದಲನೆಯದರ ದರ ಎರಡನೆಯದರ ಎರಡು ಪಟ್ಟಿಗೂ ಹೆಚ್ಚು. ಎರಡೂ ಅರ್ಧ ಗಂಟೆಗೊಂದು ಬರುವುದರಿಂದ, ಎಕ್ಸ್‌ಪ್ರೆಸ್ ಆಗತಾನೆ ಹೊರಟುಹೋಗಿದ್ದರೆ ಉಳಿಯುವ ಒಂಬತ್ತು ನಿಮಿಷವನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಕಳೆಯುತ್ತೀರಿ, ಹಣವನ್ನು ಮಾತ್ರ ಪೂರ್ತಿ ಕೊಟ್ಟಿರುತ್ತೀರಿ.

ಲಂಡನ್ನಿನ ಹೀಥ್ರೂ ಕೂಡ ಹೀಗೆಯೇ. 1998ರಿಂದ ಓಡುತ್ತಿರುವ ಹೀಥ್ರೂ ಎಕ್ಸ್‌ಪ್ರೆಸ್ 15 ನಿಮಿಷದಲ್ಲಿ ನಗರದ ಪ್ಯಾಡಿಂಗ್ಟನ್ ರೈಲು ನಿಲ್ದಾಣ ಸೇರಿಸುತ್ತದೆ. 2022ರ ಮೇ ತಿಂಗಳಲ್ಲಿ ಆರಂಭವಾದ ಎಲಿಜಬೆತ್ ಲೈನ್ ಅದೇ ಪ್ಯಾಡಿಂಗ್ಟನ್‌ಗೆ ಅರ್ಧ ಗಂಟೆಯ ಆಸುಪಾಸಿನಲ್ಲಿ, ಎಕ್ಸ್‌ಪ್ರೆಸ್‌ನ ಸಾಮಾನ್ಯ ದರದ ಅರ್ಧದ ಆಸುಪಾಸಿಗೆ ತಲುಪಿಸಿ, ಅಲ್ಲಿಗೆ ನಿಲ್ಲದೆ ಟಾಟೆನ್‌ಹ್ಯಾಮ್ ಕೋರ್ಟ್ ರೋಡ್, ಲಿವರ್‌ಪೂಲ್ ಸ್ಟ್ರೀಟ್‌ವರೆಗೂ ಬದಲಾವಣೆಯಿಲ್ಲದೆ ಕರೆದೊಯ್ಯುತ್ತದೆ. 1977ರಿಂದ ಹೀಥ್ರೂವರೆಗೆ ಓಡುತ್ತಿರುವ ಪಿಕಡಿಲಿ ಲೈನ್ ಎಂಬ ಮೆಟ್ರೊ ಈ ಮೂರರಲ್ಲಿ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ನಿಧಾನ.

ಸಮಯಸಾಧಕ:
ನಿಧಾನಿ ಅವರೇ, ಗೌರವಪೂರ್ವಕವಾಗಿಯೇ ಭಿನ್ನಾಭಿಪ್ರಾಯ ತಿಳಿಸುತ್ತೇನೆ. ಸಮಯಕ್ಕೆ ಬೆಲೆಯೇ ಇಲ್ಲವೆಂಬಂತೆ ಲೆಕ್ಕ ಹಾಕಿದರೆ ಯಾವಾಗಲೂ ನಿಧಾನದ ಸಾಧನವೇ ಗೆಲ್ಲುತ್ತದೆ. ಬೆಳಿಗ್ಗೆ ಇಳಿದು ಹತ್ತು ಗಂಟೆಯ ಸಭೆಗೆ ಹೋಗಬೇಕಾದವರಿಗೆ ಅರ್ಧ ಗಂಟೆ ಎಂಬುದು ದೊಡ್ಡ ಮೊತ್ತ. ಕೋಷ್ಟಕದಲ್ಲಿ ಸಮಯಕ್ಕೊಂದು ದರ ಹಾಕಿ ಒಟ್ಟಿಗೆ ಸೇರಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೂಡುಕಳೆ:
ಸಮಯಸಾಧಕ ಅವರೇ, ಸಮಯವನ್ನು ಬರೆಯಿರಿ, ಆದರೆ ಹಣದೊಡನೆ ಕೂಡಿಸಬೇಡಿ. ಗಂಟೆಗೆ ಇಷ್ಟು ಎಂದು ನೀವು ಹಾಕುವ ದರ ನಿಮ್ಮ ಊಹೆ. ಆ ಊಹೆಯನ್ನು ಸ್ವಲ್ಪ ಏರಿಸಿದರೆ ಟ್ಯಾಕ್ಸಿ ಗೆಲ್ಲುತ್ತದೆ, ಸ್ವಲ್ಪ ಇಳಿಸಿದರೆ ಬಸ್ಸು ಗೆಲ್ಲುತ್ತದೆ. ಎರಡು ಬೇರೆ ಸಾಲುಗಳಲ್ಲಿ ಇಟ್ಟುಕೊಂಡರೆ 'ಇಷ್ಟು ನಿಮಿಷಕ್ಕೆ ಇಷ್ಟು ಹೆಚ್ಚು ಹಣ ಕೊಡುತ್ತಿದ್ದೇನೆ' ಎಂಬುದು ಕಣ್ಣಿಗೆ ಕಾಣುತ್ತದೆ, ತೀರ್ಮಾನ ನಿಮ್ಮ ಕೈಯಲ್ಲಿಯೇ ಉಳಿಯುತ್ತದೆ.

ಹಳಿಬದಿ:
ಇದಕ್ಕೆ ಶಾಂಘೈ ಒಳ್ಳೆಯ ಉದಾಹರಣೆ. ಪುಡೋಂಗ್ ವಿಮಾನ ನಿಲ್ದಾಣದಿಂದ ಹೊರಡುವ ಮ್ಯಾಗ್ಲೆವ್ ಎಂಬ, ಅಯಸ್ಕಾಂತದ ಬಲದಿಂದ ತೇಲಿ ಓಡುವ ರೈಲು ಸುಮಾರು 30 ಕಿಲೋಮೀಟರನ್ನು ಏಳೆಂಟು ನಿಮಿಷಗಳಲ್ಲಿ ದಾಟುತ್ತದೆ. ಟಿಕೆಟ್ 50 ಯುವಾನ್, ಅದೇ ದಿನದ ವಿಮಾನದ ಟಿಕೆಟ್ ತೋರಿಸಿದರೆ 40. ಆದರೆ ಅದು ನಗರದ ನಡುವಿಗೆ ಹೋಗುವುದಿಲ್ಲ. ಲಾಂಗ್‌ಯಾಂಗ್ ರೋಡ್‌ನಲ್ಲಿ ಎಲ್ಲರೂ ಇಳಿದು, ಪೆಟ್ಟಿಗೆ ಎಳೆದುಕೊಂಡು ಮೆಟ್ರೊ ಹಿಡಿಯಬೇಕು, ಮತ್ತೊಂದು ಟಿಕೆಟ್ ಕೊಳ್ಳಬೇಕು. ಮೊದಲ ತುಂಡಿನ ವೇಗ ನೋಡಿ ಇಡೀ ಪ್ರಯಾಣದ ವೇಗವನ್ನು ಊಹಿಸಬಾರದು.

ಸಮಯಸಾಧಕ:
ಮ್ಯಾಗ್ಲೆವ್ ವಿಷಯ ಒಪ್ಪಿದೆ. ಆದರೂ ಬದಲಾವಣೆಯಿಲ್ಲದ ಎಕ್ಸ್‌ಪ್ರೆಸ್‌ಗಳ ಮಟ್ಟಿಗೆ ನನ್ನ ಮಾತು ನಿಲ್ಲುತ್ತದೆ.

ತಿರುಗುಬಾಣ:
ಟಿಕೆಟ್ ಯಂತ್ರಗಳ ಮುಂದೆ ನಿಂತು ಗಮನಿಸಿದ ಒಂದು ಸಂಗತಿ ಹೇಳುತ್ತೇನೆ. ವಿಮಾನದಿಂದ ಇಳಿದ ಜನ ಹರಿದು ಬರುವ ದಾರಿಯಲ್ಲಿ ಎಕ್ಸ್‌ಪ್ರೆಸ್ ರೈಲಿನ ಯಂತ್ರಗಳು ಎದುರಿಗೇ ಸಿಗುತ್ತವೆ. ವಿಯೆನ್ನಾದಲ್ಲಿ ಅವುಗಳ ಹಸಿರು ಬಣ್ಣ ದೂರದಿಂದಲೇ ಕಾಣಿಸುತ್ತದೆ. ಸಾಮಾನ್ಯ ರೈಲಿನ ಕೆಂಪು ಯಂತ್ರಗಳಿಗೆ ಹುಡುಕಿಕೊಂಡು ಹೋಗಬೇಕು. ಹಿಂದೆ ಸರದಿ ಬೆಳೆಯುತ್ತಿರುವಾಗ ಯಾರೂ ಇನ್ನೊಂದು ಯಂತ್ರ ಇದೆಯೇ ಎಂದು ನೋಡಲು ಹೋಗುವುದಿಲ್ಲ. ಮೊದಲು ಕಂಡ ಗುಂಡಿ ಒತ್ತಿ, ಕಾರ್ಡ್ ತೋರಿಸಿ ಹೊರಡುತ್ತಾರೆ. ಹೀಥ್ರೂವಿನ ಮುಖ್ಯ ನಿಲ್ದಾಣದಲ್ಲಂತೂ ಎಕ್ಸ್‌ಪ್ರೆಸ್ ಮತ್ತು ಎಲಿಜಬೆತ್ ಲೈನ್ ರೈಲುಗಳು ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ. ಕಾರ್ಡ್ ತೋರಿಸಿ ಒಳಗೆ ಹೋದವರು ಬೋರ್ಡ್ ನೋಡದೆ ಮೊದಲು ಬಂದ ರೈಲು ಹತ್ತಿದರೆ ಎಕ್ಸ್‌ಪ್ರೆಸ್‌ನ ಪೂರ್ತಿ ದರ ಕೊಡಬೇಕಾಗಬಹುದು.

ಇರುಳುಪಯಣಿಗ:
ಯಾರೂ ರಾತ್ರಿಯ ವಿಷಯ ಎತ್ತಲಿಲ್ಲ. ಹಗಲಿನ ಕೋಷ್ಟಕ ರಾತ್ರಿ ಹನ್ನೆರಡರ ಮೇಲೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅಗ್ಗದ ಸಾಧನಗಳು ನಿಲ್ಲುವುದೂ ದುಬಾರಿ ಸಾಧನಗಳ ದರ ಏರುವುದೂ ಒಂದೇ ಹೊತ್ತಿಗೆ. ಸಿಂಗಪುರದಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಟ್ಯಾಕ್ಸಿ ಮೀಟರಿನ ಮೇಲೆ ಶೇಕಡ 50 ಹೆಚ್ಚುವರಿ ಬೀಳುತ್ತದೆ, ಚಾಂಗಿ ವಿಮಾನ ನಿಲ್ದಾಣದಿಂದ ಹೊರಟದ್ದಕ್ಕೆ ಪ್ರತ್ಯೇಕ ಶುಲ್ಕವೂ ಇದೆ, ಆ ಹೊತ್ತಿಗೆ ಎಂಆರ್‌ಟಿ ಎಂಬ ಮೆಟ್ರೊ ರೈಲೂ ಇರುವುದಿಲ್ಲ. ಲಂಡನ್ನಿನಲ್ಲಿ ಪಿಕಡಿಲಿ ಲೈನ್ ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲಿ ಮಾತ್ರ ಇರುಳಿಡೀ ಓಡುತ್ತದೆ. ಉಳಿದ ರಾತ್ರಿಗಳಿಗೆ ಎನ್-9 ಬಸ್ಸು ಇದೆ, ಅದರ ದರ ಊರಿನ ಯಾವ ಸಾಮಾನ್ಯ ಬಸ್ಸಿನ ದರವೋ ಅದೇ.

ವಿಮಾನ ರಾತ್ರಿ ಹನ್ನೊಂದಕ್ಕೆ ಇಳಿಯುತ್ತದೆ ಎಂದರೆ ನೀವು ಹೊರಬಾಗಿಲಿಗೆ ಬರುವುದು ಹನ್ನೆರಡರ ಹತ್ತಿರಕ್ಕೆ. ಪಾಸ್‌ಪೋರ್ಟ್ ಸರದಿ, ಲಗೇಜ್ ಎರಡನ್ನೂ ಸೇರಿಸಿ ಕೊನೆಯ ರೈಲಿನ ಸಮಯ ನೋಡಿಕೊಳ್ಳಿ. ಅದು ತಪ್ಪುವ ಸಂಭವವಿದ್ದರೆ ಟ್ಯಾಕ್ಸಿಯ ರಾತ್ರಿ ದರವನ್ನೇ ನಿಮ್ಮ ನಿಜವಾದ ಖರ್ಚೆಂದು ಹಿಡಿಯಿರಿ. ಅಗ್ಗವೆಂದು ಕೊಂಡ ತಡರಾತ್ರಿಯ ವಿಮಾನ ಟಿಕೆಟ್ಟಿನ ಲಾಭ ಈ ಒಂದು ಸವಾರಿಯಲ್ಲಿ ಕರಗಿಹೋಗುವುದನ್ನು ಕಂಡಿದ್ದೇನೆ.

ಬೆಳ್ಳಿರೇಖೆ:
ಆ್ಯಪ್ ಟ್ಯಾಕ್ಸಿಗಳ ಬಗ್ಗೆ ನನ್ನದೊಂದು ಕಹಿ ಅನುಭವ. ಯಾವ ಊರು, ಯಾವ ಕಂಪನಿ ಎಂಬುದು ಮುಖ್ಯವಲ್ಲ. ಲಗೇಜಿಗಾಗಿ ಕಾಯುತ್ತಾ ನಿಂತಿದ್ದಾಗ ಫೋನಿನಲ್ಲಿ ಕಂಡ ದರ ಸಮಂಜಸವಾಗಿತ್ತು. ಒಟ್ಟಿಗೆ ಮೂರು ದೊಡ್ಡ ವಿಮಾನಗಳು ಇಳಿದಿದ್ದವು. ಪೆಟ್ಟಿಗೆ ಕೈಗೆ ಬಂದು ನಿಗದಿತ ಹತ್ತುವ ತಾಣಕ್ಕೆ ನಡೆದು ಹೋಗುವಷ್ಟರಲ್ಲಿ ಅದೇ ವಿಳಾಸಕ್ಕೆ ಅದೇ ಗಾಡಿಯ ದರ ಬಹುತೇಕ ಇಮ್ಮಡಿಯಾಗಿತ್ತು. ಹತ್ತುವ ತಾಣವೋ ಪಾರ್ಕಿಂಗ್ ಕಟ್ಟಡದ ಮೇಲಿನ ಮಹಡಿಯಲ್ಲಿ, ಲಿಫ್ಟಿನ ಮುಂದೆ ಉದ್ದ ಸರದಿ. ಎದುರಿಗೇ ಮೀಟರಿನ ಟ್ಯಾಕ್ಸಿಗಳು ಖಾಲಿ ನಿಂತಿದ್ದವು, ಅವುಗಳ ದರದಲ್ಲಿ ಕಿಂಚಿತ್ತೂ ಬದಲಾವಣೆಯಿರಲಿಲ್ಲ. ಆ್ಯಪ್ ಯಾವಾಗಲೂ ಅಗ್ಗ ಎಂಬ ನಂಬಿಕೆಯನ್ನು ವಿಮಾನ ನಿಲ್ದಾಣದಲ್ಲಿ ಮಾತ್ರ ಖಂಡಿತ ಇಟ್ಟುಕೊಳ್ಳಬಾರದು.

ಸಮಯಸಾಧಕ:
ಬೆಳ್ಳಿರೇಖೆ ಅವರೇ, ಅದಕ್ಕೆ ವಿರುದ್ಧವಾದ ಅನುಭವವೂ ಇದೆ. ಮೀಟರಿನ ಟ್ಯಾಕ್ಸಿ ಹತ್ತಿ ಹೆದ್ದಾರಿಯ ದಟ್ಟಣೆಯಲ್ಲಿ ಸಿಲುಕಿದಾಗ ನಿಂತಲ್ಲೇ ಮೀಟರು ಏರುತ್ತದೆ. ಆ್ಯಪಿನಲ್ಲಿ ಮುಂಗಡವಾಗಿ ಕಂಡ ದರ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಎರಡನ್ನೂ ನೋಡಿ ಆಯ್ದುಕೊಳ್ಳಿ ಎನ್ನುವುದಷ್ಟೇ ನ್ಯಾಯ.

ಕಡಲಾಚೆ:
ನಿಗದಿತ ಬಾಡಿಗೆ ಎಂಬ ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ. ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣದಿಂದ ಮ್ಯಾನ್‌ಹಟನ್‌ಗೆ ಹಳದಿ ಟ್ಯಾಕ್ಸಿಯ ನಿಗದಿತ ದರ 2022ರ ಡಿಸೆಂಬರ್‌ನಲ್ಲಿ 52ರಿಂದ 70 ಡಾಲರಿಗೆ ಏರಿತು. ಆ ಎಪ್ಪತ್ತರ ಮೇಲೆ ಟೋಲ್ ಬೇರೆ, ಸರ್ಕಾರಿ ಹೆಚ್ಚುವರಿ ಶುಲ್ಕಗಳು ಬೇರೆ, ವಾರದ ದಿನಗಳಲ್ಲಿ ಸಂಜೆ ನಾಲ್ಕರಿಂದ ಎಂಟರವರೆಗೆ 5 ಡಾಲರ್ ಬೇರೆ, ಕೊನೆಗೆ ಅಲ್ಲಿನ ರೂಢಿಯಂತೆ ಚಾಲಕರಿಗೆ ಟಿಪ್ಸ್ ಬೇರೆ. ಮ್ಯಾನ್‌ಹಟನ್ ಬಿಟ್ಟು ಬ್ರೂಕ್ಲಿನ್‌ಗೆ ಹೊರಟರೆ ಈ ನಿಗದಿತ ದರ ಅನ್ವಯಿಸುವುದೇ ಇಲ್ಲ, ಮೀಟರು ಓಡುತ್ತದೆ.

ಅಲ್ಲಿಯೇ ಅಗ್ಗದ ದಾರಿಯೂ ಒಂದಿದೆ. ಏರ್‌ಟ್ರೇನ್ ಎಂಬ ರೈಲು ವಿಮಾನ ನಿಲ್ದಾಣದ ಆವರಣದೊಳಗೆ ಉಚಿತ; ಹೊರಗಿನ ರೈಲು ನಿಲ್ದಾಣಗಳಾದ ಜಮೈಕಾ ಅಥವಾ ಹೊವರ್ಡ್ ಬೀಚ್‌ನಲ್ಲಿ ಹೊರಬರುವಾಗ ಮಾತ್ರ ಹಣ ಕೊಡಬೇಕು. ಲೆಫರ್ಟ್ಸ್ ಬುಲೆವಾರ್ಡ್‌ವರೆಗೆ ಉಚಿತವಾಗಿ ಬಂದು, ಅಲ್ಲಿಂದ ಕ್ಯೂ-10 ಬಸ್ಸು ಹಿಡಿದು ಸಬ್‌ವೇ ಸೇರಿದರೆ ಏರ್‌ಟ್ರೇನ್ ಶುಲ್ಕ ಉಳಿಯುತ್ತದೆ. ಕೈಚೀಲ ಮಾತ್ರ ಇರುವವರಿಗೆ, ಆತುರವಿಲ್ಲದವರಿಗೆ ಸಲ್ಲುವ ದಾರಿ.

ಉತ್ತರಧ್ರುವ:
ಸ್ವೀಡನ್ ಬಗ್ಗೆ ಹೇಳಲೇಬೇಕು. ಅಲ್ಲಿ 1990ರಲ್ಲಿ ಟ್ಯಾಕ್ಸಿ ದರಗಳ ಮೇಲಿನ ನಿಯಂತ್ರಣವನ್ನು ತೆಗೆದುಹಾಕಿದರು. ಯಾವ ಟ್ಯಾಕ್ಸಿ ಎಷ್ಟಾದರೂ ಕೇಳಬಹುದು. ಆದರೆ ಗಾಡಿಯ ಹಿಂದಿನ ಕಿಟಕಿಯ ಮೇಲೆ ಹಳದಿ ಚೀಟಿಯಲ್ಲಿ ಹೋಲಿಕೆ ದರ ಬರೆದಿರಬೇಕು. 10 ಕಿಲೋಮೀಟರ್ ದೂರ, 15 ನಿಮಿಷಗಳ ಸವಾರಿಗೆ ಎಷ್ಟಾಗುತ್ತದೆ ಎಂಬ ಒಂದೇ ಅಂಕಿ. ಎಲ್ಲರಿಗೂ ಒಂದೇ ಅಳತೆಯಾದ್ದರಿಂದ ಎರಡು ಗಾಡಿಗಳ ಚೀಟಿ ನೋಡಿದರೆ ಯಾವುದು ದುಬಾರಿ ಎಂಬುದು ತಕ್ಷಣ ತಿಳಿಯುತ್ತದೆ. ನಮ್ಮ ಪಯಣಪ್ರಿಯ ಅವರು ಕೇಳುತ್ತಿರುವುದು ಇಂತಹ ಅಳತೆಯನ್ನೇ. ಎಲ್ಲ ದೇಶಗಳೂ ಈ ಚೀಟಿಯನ್ನು ಕಡ್ಡಾಯ ಮಾಡಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಸ್ಟಾಕ್‌ಹೋಮಿನ ಆರ್ಲಾಂಡಾ ನಿಲ್ದಾಣದಲ್ಲಿ ರೈಲಿನ ಕಥೆ ಬೇರೆ. ಸಾಮಾನ್ಯ ಲೋಕಲ್ ರೈಲಿನಲ್ಲಿ ಬಂದರೂ ಅಲ್ಲಿನ ರೈಲು ನಿಲ್ದಾಣ ದಾಟುವುದಕ್ಕೆ ಪ್ರತ್ಯೇಕ ಶುಲ್ಕ ಕೊಡಬೇಕು. ಅದನ್ನು ತಪ್ಪಿಸಲು ಜನ 583 ನಂಬರಿನ ಬಸ್ಸಿನಲ್ಲಿ ಹತ್ತಿರದ ಮಾರ್ಸ್ತಾ ಊರಿನವರೆಗೆ ಹೋಗಿ ಅಲ್ಲಿಂದ ಲೋಕಲ್ ರೈಲು ಹತ್ತುತ್ತಾರೆ.

ನೇರನುಡಿ:
ಈ ನಿಲ್ದಾಣ ಶುಲ್ಕವೇ ಅನ್ಯಾಯ. ಸಿಡ್ನಿಯಲ್ಲಿಯೂ ಇದೇ ಇದೆ: ವಿಮಾನ ನಿಲ್ದಾಣದ ಎರಡು ರೈಲು ನಿಲ್ದಾಣಗಳನ್ನು ದಾಟುವವರು ಮಾಮೂಲಿ ದರದ ಮೇಲೆ ಪ್ರವೇಶ ಶುಲ್ಕ ತೆರಬೇಕು, ಅದೇ ಸುರಂಗದ ಮುಂದಿನ ನಿಲ್ದಾಣ ಮ್ಯಾಸ್ಕಟ್‌ನಲ್ಲಿ ಆ ಶುಲ್ಕ 2011ರಲ್ಲಿಯೇ ಹೋಯಿತು. ಹೀಗಾಗಿ ದೇಶೀಯ ಟರ್ಮಿನಲ್‌ನಿಂದ ಪೆಟ್ಟಿಗೆ ಎಳೆದುಕೊಂಡು ಮ್ಯಾಸ್ಕಟ್‌ವರೆಗೆ ನಡೆದು ಹೋಗುವವರಿದ್ದಾರೆ. ವಿಮಾನ ನಿಲ್ದಾಣದಲ್ಲಿ ದುಡಿಯುವವರೂ ಅದೇ ದಾರಿಯಲ್ಲಿ ದಿನಾ ಬರಬೇಕಲ್ಲವೇ? ಪ್ರಯಾಣಿಕರು ಬೇರೆ ಗತಿಯಿಲ್ಲದೆ ಕೊಡುತ್ತಾರೆ ಎಂಬ ಒಂದೇ ಕಾರಣಕ್ಕೆ ದರ ಏರಿಸುವುದು ಸರಿಯಲ್ಲ.

ಸಮಯಸಾಧಕ:
ನೇರನುಡಿ ಅವರೇ, ಸುರಂಗ ಕೊರೆದ ಖರ್ಚನ್ನು ಯಾರಾದರೂ ಭರಿಸಬೇಕಲ್ಲ? ಸಿಡ್ನಿಯ ಆ ನಿಲ್ದಾಣಗಳನ್ನು ಕಟ್ಟಿದ್ದು ಖಾಸಗಿ ಬಂಡವಾಳ. ಉಪಯೋಗಿಸುವವರು ಕೊಡಲಿ ಎಂಬ ವಾದದಲ್ಲಿ ತಪ್ಪೇನೂ ಇಲ್ಲ.

ನೇರನುಡಿ:
ಟೊರಾಂಟೊದಲ್ಲಿ ನಡೆದದ್ದನ್ನು ನೋಡಿ. 2015ರ ಜೂನ್‌ನಲ್ಲಿ ಪಿಯರ್ಸನ್ ನಿಲ್ದಾಣಕ್ಕೆ ಯುಪಿ ಎಕ್ಸ್‌ಪ್ರೆಸ್ ಆರಂಭವಾದಾಗ ಟಿಕೆಟ್ 27.50 ಕೆನಡಾ ಡಾಲರ್ ಇತ್ತು. ರೈಲುಗಳು ಖಾಲಿ ಓಡಿದವು. 2016ರ ಮಾರ್ಚ್‌ನಲ್ಲಿ ಅದನ್ನು 12 ಡಾಲರಿಗೆ ಇಳಿಸಿದ ಮೇಲೆ ಜನ ತುಂಬಿದರು. ದುಬಾರಿ ಟಿಕೆಟ್ಟಿನಿಂದ ಬಂಡವಾಳ ಹಿಂದಕ್ಕೆ ಬರುತ್ತದೆ ಎಂಬ ಲೆಕ್ಕ ಕಾಗದದ ಮೇಲಷ್ಟೇ ಸರಿಯಾಗಿತ್ತು. ಜ್ಯೂರಿಕ್, ಆಮ್‌ಸ್ಟರ್‌ಡ್ಯಾಮ್, ಕೋಪನ್‌ಹೇಗನ್ ನಿಲ್ದಾಣಗಳಲ್ಲಿ ಊರಿನ ರೈಲು ಅಥವಾ ಮೆಟ್ರೊ ನೇರವಾಗಿ ಟರ್ಮಿನಲ್ಲಿಗೇ ಬರುತ್ತದೆ, ಕಾಲು ಗಂಟೆಯ ಆಸುಪಾಸಿನಲ್ಲಿ ನಗರದ ನಡುವಿಗೆ ತಲುಪಿಸುತ್ತದೆ. ವಿಶೇಷ ಎಕ್ಸ್‌ಪ್ರೆಸ್ಸಿನ ಅಗತ್ಯವೇ ಅಲ್ಲಿ ಬೀಳಲಿಲ್ಲ.

ನಿರ್ವಾಹಕ:
ಚರ್ಚೆ ಸೊಗಸಾಗಿ ನಡೆಯುತ್ತಿದೆ. ದರನೀತಿಯ ನ್ಯಾಯಾನ್ಯಾಯಕ್ಕೆ ಪ್ರತ್ಯೇಕ ಎಳೆ ತೆರೆಯಬಹುದು. ಇಲ್ಲಿ ಹೋಲಿಕೆಯ ವಿಧಾನದ ಬಗ್ಗೆಯೇ ಮುಂದುವರಿಸಬೇಕೆಂದು ಕೋರಿಕೆ.

ಮೂರುದಾರಿ:
ವಿಧಾನಕ್ಕೇ ಬರುತ್ತೇನೆ. ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಈ ಹೋಲಿಕೆ ಆಗಬೇಕು, ಆಮೇಲಲ್ಲ. ಅಗ್ಗದ ವಿಮಾನಗಳು ಹಲವು ಸಲ ಹೆಸರಿನಲ್ಲಿ ಮಾತ್ರ ಆ ಊರಿಗೆ ಇಳಿಯುತ್ತವೆ. ಪ್ಯಾರಿಸ್ ಬೋವೆ ಎಂಬ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ದೂರವಿದೆ. ಫ್ರಾಂಕ್‌ಫರ್ಟ್ ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿಲೋಮೀಟರ್. ಅಲ್ಲಿಂದ ಟ್ಯಾಕ್ಸಿ ಮಾಡಿದರೆ ಬಾಡಿಗೆ ವಿಮಾನದ ಟಿಕೆಟ್ಟನ್ನೇ ಮೀರಬಹುದು. ಹೆಚ್ಚಿನವರಿಗೆ ಬಸ್ಸೇ ಗತಿ, ಅದಕ್ಕೂ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಟೋಕಿಯೊದಲ್ಲಿಯೂ ಹಾಗೆಯೇ, ನರೀತಾ ನಗರದ ನಡುವಿನಿಂದ 60 ಕಿಲೋಮೀಟರಿಗೂ ದೂರ, ಹನೇಡಾ ಬಹಳ ಹತ್ತಿರ. ಎರಡು ನಿಲ್ದಾಣಗಳ ವಿಮಾನ ದರದಲ್ಲಿ ಅಲ್ಪ ವ್ಯತ್ಯಾಸವಿದ್ದರೆ ಹತ್ತಿರದ್ದೇ ಒಟ್ಟಿನಲ್ಲಿ ಅಗ್ಗವಾಗುತ್ತದೆ.

ತಿರುಗುಬಾಣ:
ನರೀತಾದಿಂದ ಟೋಕಿಯೊಗೆ ಅಗ್ಗದ ಬಸ್ಸುಗಳಿವೆ, ಸ್ಕೈಲೈನರ್ ರೈಲಿಗಿಂತ ಗಣನೀಯವಾಗಿ ಕಡಿಮೆ. ಸ್ಕೈಲೈನರ್ ಟೋಕಿಯೊದ ನಿಪ್ಪೋರಿ ನಿಲ್ದಾಣಕ್ಕೆ 36 ನಿಮಿಷವೆಂದು ಹೇಳುತ್ತಾರೆ, ಆದರೆ ನಿಪ್ಪೋರಿಯಲ್ಲಿಯೇ ಉಳಿಯುವವರು ಕಡಿಮೆ. ಬಹುತೇಕರು ಅಲ್ಲಿ ಇಳಿದು ಇನ್ನೊಂದು ರೈಲು ಹಿಡಿಯಬೇಕು. ಹಾಂಗ್‌ಕಾಂಗ್‌ನಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 24 ನಿಮಿಷ. ಎಸ್-1 ಬಸ್ಸಿನಲ್ಲಿ ತುಂಗ್ ಚುಂಗ್‌ವರೆಗೆ ಹೋಗಿ ಎಂಟಿಆರ್ ಎಂಬ ಮೆಟ್ರೊ ಹತ್ತಿದರೆ ಅದರ ಒಂದು ಭಾಗದಷ್ಟೇ ಖರ್ಚು, ಸಮಯ ಮಾತ್ರ ಬಹಳ ಹೆಚ್ಚು.

ತಾಯಿಬೇರು:
ಹಣದ ಲೆಕ್ಕದ ನಡುವೆ ಒಂದು ಮಾತು. ವಯಸ್ಸಾದ ನನ್ನ ತಾಯಿಯವರನ್ನು ಕರೆದುಕೊಂಡು ಹೋಗುವಾಗ ನಾನು ದರಕ್ಕಿಂತ ಮೊದಲು ನೋಡುವುದು ಎಷ್ಟು ಸಲ ಬದಲಾಯಿಸಬೇಕು, ಪ್ರತಿ ಬದಲಾವಣೆಯಲ್ಲಿ ಲಿಫ್ಟ್ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು. ಲಂಡನ್ನಿನ ಎಲಿಜಬೆತ್ ಲೈನಿನ ಎಲ್ಲ ನಿಲ್ದಾಣಗಳಲ್ಲಿಯೂ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರ್ಮ್ ತಲುಪಬಹುದು. ಹಳೆಯ ಪಿಕಡಿಲಿ ಲೈನಿನ ಅನೇಕ ನಿಲ್ದಾಣಗಳಲ್ಲಿ ಅದು ಸಾಧ್ಯವಿಲ್ಲ. ಮಂಡಿನೋವಿನವರಿಗೆ ಆ ವ್ಯತ್ಯಾಸ ಕೆಲವು ಪೌಂಡುಗಳಿಗಿಂತ ಬಹಳ ದೊಡ್ಡದು. ಪಯಣಪ್ರಿಯ ಅವರೇ, ನಿಮ್ಮ ಕೋಷ್ಟಕದಲ್ಲಿ ಮೆಟ್ಟಿಲುಗಳಿಗೂ ಒಂದು ಸಾಲು ಇರಲಿ.

ದಕ್ಷಿಣದಿಕ್ಕು:
ತಾಯಿಬೇರು ಅವರ ಮಾತಿಗೆ ನನ್ನ ಪೂರ್ಣ ಸಹಮತ.

ನಾಲ್ಕುಚಕ್ರ:
ಬಾಡಿಗೆ ಕಾರಿನ ಬಗ್ಗೆ ಯಾರೂ ಹೇಳಲಿಲ್ಲ. ದಿನಕ್ಕೆ ಇಷ್ಟೇ ಎಂದು ಕಾಣುವ ದರದ ಹಿಂದೆ ವಿಮಾನ ನಿಲ್ದಾಣದಲ್ಲಿ ಕಾರು ಪಡೆದದ್ದಕ್ಕೆ ಹೆಚ್ಚುವರಿ ಶುಲ್ಕ, ವಿಮೆ, ಟೋಲ್, ಹಿಂದಿರುಗಿಸುವ ಮುನ್ನ ತುಂಬಿಸಬೇಕಾದ ಇಂಧನ, ಬೇರೆ ಊರಿನಲ್ಲಿ ಬಿಟ್ಟರೆ ಅದಕ್ಕೊಂದು ದಂಡ ಇವೆಲ್ಲ ಅಡಗಿರುತ್ತವೆ. ನಗರದ ನಡುವೆ ಉಳಿಯುವವರಿಗೆ ರಾತ್ರಿ ಪಾರ್ಕಿಂಗ್ ದರವೇ ಟ್ಯಾಕ್ಸಿಯ ಬಾಡಿಗೆಯನ್ನು ಸರಿಗಟ್ಟಬಹುದು. ನೆಂಟರು ಕಾರು ತಂದು ಕರೆದೊಯ್ದರೆ ಉಚಿತವೆಂದು ತಿಳಿಯುವುದೂ ಬೇಡ; ಹೀಥ್ರೂ ನಿಲ್ದಾಣ 2021ರ ನವೆಂಬರ್‌ನಿಂದ ಟರ್ಮಿನಲ್ ಮುಂದೆ ಇಳಿಸಿಹೋಗುವ ಪ್ರತಿ ಕಾರಿಗೂ 5 ಪೌಂಡ್ ವಿಧಿಸಲು ಆರಂಭಿಸಿತು, ಕರೆದೊಯ್ಯಲು ಬಂದವರು ಪಾರ್ಕಿಂಗ್ ಹಣ ಕೊಡಬೇಕು.

ಮೌನಗಿರಿ:
ವಿನಿಮಯ ಕೌಂಟರಿನ ಖರ್ಚನ್ನೂ ಸೇರಿಸಿ. ಟ್ಯಾಕ್ಸಿಗೆ ನಗದು ಬೇಕೆಂದು ನಿಲ್ದಾಣದೊಳಗೆ ಹಣ ಬದಲಾಯಿಸಿದರೆ ಅಲ್ಲಿಯೇ ಒಂದಷ್ಟು ಕಳೆದುಕೊಳ್ಳುತ್ತೀರಿ. ಕಾರ್ಡ್ ಯಂತ್ರ 'ನಿಮ್ಮ ದೇಶದ ಹಣದಲ್ಲಿ ಕೊಡುವಿರಾ' ಎಂದು ಕೇಳಿದರೆ ಬೇಡವೆಂದು ಹೇಳಿ, ಸ್ಥಳೀಯ ಹಣವನ್ನೇ ಆರಿಸಿ.

ಪಯಣಪ್ರಿಯ:
ಎಲ್ಲರಿಗೂ ಕೃತಜ್ಞತೆಗಳು. ರೋಮಿಗೆ ಗುಂಪು ಟಿಕೆಟ್, ಪ್ಯಾರಿಸ್‌ಗೆ ಟ್ಯಾಕ್ಸಿ ಎಂದು ಬಹುತೇಕ ತೀರ್ಮಾನಿಸಿದ್ದೇನೆ. ರೋಮಿನಲ್ಲಿ ನಮ್ಮ ವಸತಿ ಟರ್ಮಿನಿಯ ಎದುರಿಗೇ ಇದೆ. ಲಂಡನ್ ಮಾತ್ರ ಉಳಿದಿದೆ: ಮಧ್ಯಾಹ್ನ ಹೀಥ್ರೂವಿನಲ್ಲಿ ಇಳಿಯುತ್ತೇವೆ, ವಸತಿ ಲಿವರ್‌ಪೂಲ್ ಸ್ಟ್ರೀಟ್ ಹತ್ತಿರ. ಜೊತೆಯಲ್ಲಿರುವ ನಾಲ್ಕನೆಯವನು ಹದಿಮೂರು ವರ್ಷದ ಹುಡುಗ.

ನಿಧಾನಿ:
ಹಾಗಾದರೆ ಎಲಿಜಬೆತ್ ಲೈನ್, ಯೋಚಿಸುವುದೇ ಬೇಡ. ಬದಲಾವಣೆಯಿಲ್ಲ, ಲಿಫ್ಟ್ ಇದೆ, ನಿಮ್ಮ ವಸತಿಯ ಬಳಿಯೇ ಇಳಿಯುತ್ತೀರಿ.

ಹಳಿಬದಿ:
ಒಂದು ಪೂರಕ ಮಾಹಿತಿ. ಹೀಥ್ರೂ ಎಕ್ಸ್‌ಪ್ರೆಸ್‌ನಲ್ಲಿ ಹಣ ಕೊಟ್ಟ ದೊಡ್ಡವರ ಜೊತೆಗಿರುವ 15 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಬಹಳ ಮೊದಲೇ ಕಾದಿರಿಸಿದ ಟಿಕೆಟ್ಟಿನ ದರವೂ ಸಾಮಾನ್ಯ ದರಕ್ಕಿಂತ ತೀರ ಕಡಿಮೆ. ಹಾಗಾಗಿ ಪ್ಯಾಡಿಂಗ್ಟನ್ ಬಳಿ ಉಳಿಯುವ ಕುಟುಂಬಕ್ಕೆ ಲೆಕ್ಕ ತಿರುವುಮುರುವಾಗಬಹುದು. ನಿಮ್ಮದು ಲಿವರ್‌ಪೂಲ್ ಸ್ಟ್ರೀಟ್ ಆದ್ದರಿಂದ ನಿಧಾನಿ ಅವರ ಸಲಹೆಯೇ ಸರಿ.

ಪಯಣಪ್ರಿಯ:
ಹಿಂದಿರುಗುವಾಗಲೂ ಅದೇ ಸಾಧನಗಳೇ ಸರಿಯೇ, ಅಥವಾ ಲೆಕ್ಕ ಬದಲಾಗುತ್ತದೆಯೇ?

ಇರುಳುಪಯಣಿಗ:
ಬದಲಾಗುತ್ತದೆ. ಬರುವಾಗ ತಡವಾದರೆ ಹೋಗುವುದು ಒಂದು ಸಂಜೆ. ಹೋಗುವಾಗ ತಡವಾದರೆ ಹೋಗುವುದು ವಿಮಾನದ ಟಿಕೆಟ್. ಆದ್ದರಿಂದ ಹಿಂದಿರುಗುವಾಗ ದರದ ಪಕ್ಕದಲ್ಲಿ ಆ ಸಾಧನ ಎಷ್ಟು ನಂಬಿಕಸ್ಥ ಎಂಬುದನ್ನು ನೋಡಿ. ಪ್ಯಾರಿಸ್ ಮತ್ತು ರೋಮಿನಲ್ಲಿ ರೈಲು ಮುಷ್ಕರಗಳ ಸೂಚನೆ ಸಾಮಾನ್ಯವಾಗಿ ಕೆಲವು ದಿನ ಮೊದಲೇ ಹೊರಬೀಳುತ್ತದೆ. ಹೊರಡುವ ಹಿಂದಿನ ದಿನ ಅದನ್ನು ಪರಿಶೀಲಿಸಿ. ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಟ್ಯಾಕ್ಸಿಗಿಂತ ರೈಲು ನಂಬಿಕಸ್ಥ, ಮುಷ್ಕರದ ದಿನ ರೈಲಿಗಿಂತ ಟ್ಯಾಕ್ಸಿ. ಪ್ಯಾರಿಸ್‌ನ ನಿಗದಿತ ಬಾಡಿಗೆ ಎರಡೂ ದಿಕ್ಕಿಗೆ ಅನ್ವಯಿಸುತ್ತದೆ, ದಟ್ಟಣೆಯಲ್ಲಿ ಎಷ್ಟು ಹೊತ್ತು ನಿಂತರೂ ಅಷ್ಟೇ. ವಾಪಸಾತಿಯ ದಿನದ ಬೆಳಗಿನ ವಿಮಾನವಾಗಿದ್ದರೆ ಟ್ಯಾಕ್ಸಿಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿ, ಆದರೆ ಮುಂಗಡ ಕಾದಿರಿಸುವಿಕೆಗೆ ಪ್ರತ್ಯೇಕ ಶುಲ್ಕವಿದೆಯೇ ಎಂದು ಕೇಳಿಕೊಳ್ಳಿ.